ಅಂಗೈ ಯಾಕಿಷ್ಟು ಬೆವರುತ್ತದೆ? ಅತಿಬೆವರು, ನಾಚಿಕೆ ಮತ್ತು ಚಿಕಿತ್ಸೆ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ ಬಯಲುಸೀಮೆಯ ತೆಂಗಿನ ನಾಡು. ಬೇಸಿಗೆಯಲ್ಲಿ ಕಾಯಿ ಸುಲಿಯುವವರ ಬೆನ್ನಿನ ಮೇಲೆ ಬೆವರು ಇಳಿಯುವುದು ಅಲ್ಲಿ ಯಾರಿಗೂ ವಿಶೇಷವಲ್ಲ. ‘ಬೆವರು ಸುರಿಸಿ ದುಡಿದವರು’ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತು.

ಈಗ ಅದೇ ಹೋಬಳಿಯ ಒಬ್ಬ ಹುಡುಗಿ ಅರಸೀಕೆರೆಯ ಕಾಲೇಜಿನಲ್ಲಿ ಕೂತು ಪರೀಕ್ಷೆ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಮೇಲೆ ಫ್ಯಾನ್ ತಿರುಗುತ್ತಿದೆ. ಸೆಕೆ ಏನೂ ಇಲ್ಲ. ಆದರೂ ಅವಳ ಅಂಗೈಯಿಂದ ನೀರು ಜಿನುಗುತ್ತಿದೆ. ಪೆನ್ನು ಜಾರುತ್ತದೆ, ಉತ್ತರಪತ್ರಿಕೆ ಒದ್ದೆಯಾಗಿ ಬರೆದ ಅಕ್ಷರ ಹರಡಿಕೊಳ್ಳುತ್ತದೆ. ಕೈಯಡಿಗೆ ಕರವಸ್ತ್ರ ಇಟ್ಟುಕೊಂಡು ಬರೆದರೆ ಕೊಠಡಿ ಮೇಲ್ವಿಚಾರಕರು ಅನುಮಾನದಿಂದ ನೋಡುತ್ತಾರೆ. ‘ಚೆನ್ನಾಗಿ ಓದಿಲ್ಲ, ಅದಕ್ಕೇ ಹೆದರಿಕೆ’ ಎಂದು ಪಕ್ಕದವರು ನಗಬಹುದು. ಇದು ಇಂಥವರದೇ ಕತೆ ಎಂದಲ್ಲ. ಯಾವ ಊರಿನ ಯಾವ ತರಗತಿಯಲ್ಲಾದರೂ ನಡೆಯಬಹುದಾದದ್ದು.

ತೋಟದ ಬೆವರಿಗೆ ಮರ್ಯಾದೆ ಇದೆ, ಅಂಗೈ ಬೆವರಿಗೆ ನಾಚಿಕೆ. ಈ ನಾಚಿಕೆಯಿಂದಲೇ ಎಷ್ಟೋ ಜನ ಚಿಕಿತ್ಸೆ ಇರುವ ತೊಂದರೆಯೊಂದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬದುಕುತ್ತಾರೆ. ಇದಕ್ಕೆ ವೈದ್ಯಕೀಯದಲ್ಲಿ ‘ಹೈಪರ್‌ಹೈಡ್ರೋಸಿಸ್’ ಎಂಬ ಹೆಸರಿದೆ. ನಾವು ಇಲ್ಲಿ ಅದನ್ನು ಸರಳವಾಗಿ ‘ಅತಿಬೆವರು’ ಎಂದು ಕರೆಯೋಣ. ಅದು ಯಾಕೆ ಬರುತ್ತದೆ, ಯಾವಾಗ ಎಚ್ಚರ ಬೇಕು, ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಬೆವರು ಇರುವುದೇ ಮೈ ತಣಿಸಲು

ನಮ್ಮ ಚರ್ಮದಲ್ಲಿ ಸುಮಾರು 20 ಲಕ್ಷದಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಕ್ರೈನ್ ಎಂಬ ಗ್ರಂಥಿಗಳು ಹೆಚ್ಚುಕಡಿಮೆ ಮೈತುಂಬ ಇವೆ. ಇವು ನೀರಿನಂಥ ಬೆವರನ್ನು ಹೊರಬಿಡುತ್ತವೆ. ಅಪೊಕ್ರೈನ್ ಎಂಬ ಗ್ರಂಥಿಗಳು ಕಂಕುಳು, ತೊಡೆಸಂದಿಯಂಥ ಕಡೆ ಇದ್ದು, ಹರೆಯ ಬಂದ ಮೇಲೆ ಕೆಲಸ ಶುರು ಮಾಡುತ್ತವೆ.

ಮೈ ಬಿಸಿಯಾದಾಗ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದನ್ನು ಗುರುತಿಸಿ ನರಗಳ ಮೂಲಕ ಗ್ರಂಥಿಗಳಿಗೆ ಸಂದೇಶ ಕಳಿಸುತ್ತದೆ. ಗ್ರಂಥಿಗಳು ಬೆವರನ್ನು ಹೊರಹಾಕುತ್ತವೆ. ಆ ಬೆವರು ಆವಿಯಾಗುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವರ ಮೈಯಿಂದ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಬೆವರು ಹೋಗಬಹುದು. ಹಾಗೆ ಹೋಗದಿದ್ದರೆ ಮೈಯ ಶಾಖ ಏರಿ ಜೀವಕ್ಕೇ ಅಪಾಯ.

ಅಂಗೈ, ಅಂಗಾಲುಗಳ ಬೆವರು ಮಾತ್ರ ಸ್ವಲ್ಪ ಬೇರೆ. ಅಲ್ಲಿ ಗ್ರಂಥಿಗಳು ತುಂಬ ಒತ್ತೊತ್ತಾಗಿವೆ. ಅವು ಸೆಕೆಗಿಂತ ಹೆಚ್ಚಾಗಿ ಮನಸ್ಸಿನ ಏರಿಳಿತಕ್ಕೆ ಓಗೊಡುತ್ತವೆ. ಭಯ, ಸಂಕೋಚ, ಕಾತರ, ಗಮನವಿಟ್ಟು ಮಾಡುವ ಕೆಲಸ, ಇವೆಲ್ಲ ಅಂಗೈಯನ್ನು ತುಸು ತೇವ ಮಾಡುತ್ತವೆ. ಇದು ಎಲ್ಲರಲ್ಲೂ ಆಗುತ್ತದೆ. ತುಸು ತೇವವಾದ ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಗುದ್ದಲಿ ಹಿಡಿಯುವ ಮುನ್ನ ಕೈಗೆ ಉಗುಳಿಕೊಂಡು ಉಜ್ಜಿಕೊಳ್ಳುವುದನ್ನು ನೆನೆಸಿಕೊಳ್ಳಿ.

ಮೋಟಾರು ಸರಿಯಿದೆ, ಸ್ಟಾರ್ಟರ್ ತೊಂದರೆ

ಅತಿಬೆವರು ಇರುವವರ ಗ್ರಂಥಿಗಳು ದೊಡ್ಡವಾಗಿರುತ್ತವೆಯೆ? ಹೆಚ್ಚು ಇರುತ್ತವೆಯೆ? ಇಲ್ಲ. ಗ್ರಂಥಿಗಳು ಎಲ್ಲರಂತೆಯೇ ಇರುತ್ತವೆ. ಅವುಗಳಿಗೆ ನರಗಳಿಂದ ಬರುವ ಸಂದೇಶ ಅತಿಯಾಗಿರುತ್ತದೆ. ಬೋರ್‌ವೆಲ್ಲಿನ ಮೋಟಾರು ಸರಿಯಾಗಿದ್ದು, ಸ್ಟಾರ್ಟರ್ ಮಾತ್ರ ಸಣ್ಣ ನೆಪಕ್ಕೂ ತಾನಾಗಿ ಆನ್ ಆಗುತ್ತಿದ್ದರೆ ಹೇಗಿರುತ್ತದೆಯೋ ಹಾಗೆ.

ಈ ಸಂದೇಶವನ್ನು ನರದ ತುದಿಯಿಂದ ಗ್ರಂಥಿಗೆ ಮುಟ್ಟಿಸುವ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕೆಲವು ಚಿಕಿತ್ಸೆಗಳು ಇದನ್ನೇ ತಡೆಯುತ್ತವೆ.

ಇದು ಮನೆತನದಲ್ಲಿ ಹರಿದು ಬರುವುದೂ ಉಂಟು. ಅಪ್ಪನಿಗೋ ಚಿಕ್ಕಮ್ಮನಿಗೋ ಇದ್ದದ್ದು ಮಗಳಿಗೆ ಬರಬಹುದು. ಆದರೆ ಮನೆಯಲ್ಲಿ ಯಾರೂ ಬಾಯಿ ಬಿಡದಿರುವುದರಿಂದ ‘ನನಗೊಬ್ಬಳಿಗೇ ಹೀಗೆ’ ಎಂದು ಮಗಳು ಅಂದುಕೊಂಡಿರುತ್ತಾಳೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಲ್ಲಿನ ಜನರಲ್ಲಿ ಶೇಕಡಾ 2.8ರಷ್ಟು ಮಂದಿಗೆ ಅತಿಬೆವರು ಇತ್ತು. 2016ರ ಇನ್ನೊಂದು ಅಧ್ಯಯನ ಈ ಪ್ರಮಾಣವನ್ನು ಶೇಕಡಾ 4.8 ಎಂದು ಅಂದಾಜಿಸಿತು. ವೈದ್ಯರ ಬಳಿ ಈ ವಿಷಯ ಮಾತಾಡಿದವರು ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ. ಇದೇ ಪ್ರಮಾಣ ಇಲ್ಲಿಯೂ ಇದೆ ಎಂದುಕೊಂಡರೆ, 60 ಮಕ್ಕಳಿರುವ ತರಗತಿಯಲ್ಲಿ ಇಬ್ಬರು ಮೂವರಾದರೂ ಕೈ ಬಚ್ಚಿಟ್ಟುಕೊಂಡು ಕೂತಿರುತ್ತಾರೆ.

‘ಅತಿ’ ಎಂದು ಹೇಳುವುದು ಹೇಗೆ?

ಬೆವರನ್ನು ಅಳೆದು ನೋಡಬೇಕಾಗಿಲ್ಲ. ಬೇರೆ ಕಾರಣ ಕಾಣದೆ, ಕನಿಷ್ಠ ಆರು ತಿಂಗಳಿಂದ ಕಣ್ಣಿಗೆ ಕಾಣುವಷ್ಟು ಅತಿಯಾಗಿ ಬೆವರುತ್ತಿದ್ದರೆ, ವೈದ್ಯರು ಈ ಆರು ವಿಷಯ ಕೇಳುತ್ತಾರೆ:

• ಎರಡೂ ಕೈ ಅಥವಾ ಎರಡೂ ಕಂಕುಳು ಒಂದೇ ಸಮನೆ ಬೆವರುತ್ತವೆಯೆ?
• ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತದೆಯೆ?
• ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೆ?
• 25 ವರ್ಷಕ್ಕೆ ಮುಂಚೆಯೇ ಶುರುವಾಯಿತೆ?
• ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೆ?
• ನಿದ್ದೆಯಲ್ಲಿ ಬೆವರು ನಿಂತುಹೋಗುತ್ತದೆಯೆ?

ಇವುಗಳಲ್ಲಿ ಎರಡಕ್ಕಾದರೂ ‘ಹೌದು’ ಎಂದಾದರೆ ಅದು ಬೇರೆ ಕಾಯಿಲೆಯ ಲಕ್ಷಣವಲ್ಲ, ತಾನಾಗಿಯೇ ಬಂದ ಅತಿಬೆವರು ಎಂದು ಹೇಳಬಹುದು. ಕೊನೆಯ ಪ್ರಶ್ನೆ ಬಹಳ ಮುಖ್ಯ. ಹಗಲೆಲ್ಲ ತೊಟ್ಟಿಕ್ಕುವ ಕೈ ರಾತ್ರಿ ನಿದ್ದೆಯಲ್ಲಿ ಒಣಗಿರುತ್ತದೆ. ಮನೆಯವರು ಮಲಗಿರುವವರ ಅಂಗೈ ಮುಟ್ಟಿ ನೋಡಿದರೂ ಇದು ಗೊತ್ತಾಗುತ್ತದೆ.

ಬೆವರು ಬೇರೆ ಕಾಯಿಲೆಯ ಸೂಚನೆಯಾದಾಗ

ಎಲ್ಲ ಬೆವರೂ ಹೀಗೆ ನಿರಪಾಯದ್ದಲ್ಲ. ಹೊಸದಾಗಿ, ದೊಡ್ಡ ವಯಸ್ಸಿನಲ್ಲಿ, ಮೈಯೆಲ್ಲ ಬೆವರಲು ಶುರುವಾದರೆ ಅಥವಾ ಮೈಯ ಒಂದೇ ಬದಿ ಬೆವರುತ್ತಿದ್ದರೆ ಕಾರಣ ಹುಡುಕಲೇಬೇಕು.

ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಜೊತೆಗೆ ಎರಡು ವಾರ ಮೀರಿದ ಕೆಮ್ಮು, ಜ್ವರ, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಕೈನಡುಕ, ಎದೆಬಡಿತ, ಚೆನ್ನಾಗಿ ಉಂಡರೂ ತೂಕ ಇಳಿಯುವುದು ಇದ್ದರೆ ಥೈರಾಯ್ಡ್ ಅತಿಯಾಗಿರಬಹುದು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುವುದು ಸಾಮಾನ್ಯ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬೆವರು ಹೆಚ್ಚುತ್ತದೆ. ಹಾಗಾಗಿ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಹೇಳಿ.

ಮೂರು ಸಂದರ್ಭಗಳಲ್ಲಿ ಕಾಯುವಂತಿಲ್ಲ. ಒಂದು, ಎದೆನೋವು ಅಥವಾ ಎದೆಬಿಗಿತದ ಜೊತೆ ತಣ್ಣನೆಯ ಬೆವರು: ಇದು ಹೃದಯಾಘಾತ ಇರಬಹುದು, ತಕ್ಷಣ 108ಕ್ಕೆ ಕರೆ ಮಾಡಿ. ಎರಡು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಬೆವರು, ನಡುಕ, ಹಸಿವು: ರಕ್ತದ ಸಕ್ಕರೆ ಇಳಿದಿರಬಹುದು. ಅವರಿಗೆ ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಮೂರು, ಹೊಲ ತೋಟದಲ್ಲಿ ಕೀಟನಾಶಕ ಹೊಡೆದ ಮೇಲೆ ಅತಿಯಾದ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು. ಕೆಲವು ಕೀಟನಾಶಕಗಳು ಮೈಯಲ್ಲಿ ಅಸಿಟೈಲ್‌ಕೋಲಿನ್ ಕರಗದಂತೆ ಮಾಡಿ ಹೀಗೆ ವಿಷವೇರಿಸುತ್ತವೆ. ‘ಬಿಸಿಲಿಗೆ ಹೀಗಾಗಿದೆ’ ಎಂದು ನೆರಳಿನಲ್ಲಿ ಮಲಗಿಸಿ ಕಾಯಬೇಡಿ. ಔಷಧಿ ಬಿದ್ದ ಬಟ್ಟೆ ತೆಗೆಸಿ, ಮೈ ತೊಳೆಸಿ, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಚ್ಚಿಟ್ಟರೆ ಆಗುವ ನಷ್ಟ

‘ಬೆವರು ತಾನೆ, ಸಾಯುತ್ತಾರಾ?’ ಎಂದು ಕೇಳುವವರಿದ್ದಾರೆ. ತಾನಾಗಿ ಬಂದ ಅತಿಬೆವರಿನಿಂದ ಯಾರೂ ಸಾಯುವುದಿಲ್ಲ, ನಿಜ. ಆದರೆ ಬದುಕು ಕಿರಿದಾಗುತ್ತದೆ.

ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಹೆಬ್ಬೆಟ್ಟು ಒತ್ತಬೇಕು. ಬೆರಳು ಒದ್ದೆಯಾಗಿದ್ದರೆ ಯಂತ್ರ ಗುರುತು ಹಿಡಿಯದೆ ಹೋಗಬಹುದು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದಂತೆ ಕೈ ಇನ್ನಷ್ಟು ಬೆವರುತ್ತದೆ. ಹವಾಯಿ ಚಪ್ಪಲಿ ಕಾಲಿನಿಂದ ಜಾರುತ್ತದೆ. ತಿಳಿಬಣ್ಣದ ರವಿಕೆ, ಅಂಗಿ ತೊಡಲು ಹಿಂಜರಿಕೆ. ಮೊಬೈಲಿನ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ. ಹೊಲಿಗೆ, ಚಿತ್ರಕಲೆ, ಎಲೆಕ್ಟ್ರಿಕ್ ರಿಪೇರಿ ಹೀಗೆ ಕೈಯನ್ನೇ ನಂಬಿದ ಕೆಲಸಗಳನ್ನು ಇಷ್ಟವಿದ್ದರೂ ಬಿಡುವವರಿದ್ದಾರೆ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುವುದೂ ಒಂದು ಪರೀಕ್ಷೆಯೇ ಆಗಿಬಿಡುತ್ತದೆ.

ಚರ್ಮಕ್ಕೂ ತೊಂದರೆ ತಪ್ಪಿದ್ದಲ್ಲ. ಸದಾ ಒದ್ದೆಯಾಗಿರುವ ಅಂಗಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಚರ್ಮದಲ್ಲಿ ಸೂಜಿಮೊನೆಯಂಥ ಗುಳಿಗಳು ಬಿದ್ದು ಕೆಟ್ಟ ವಾಸನೆ ಬರುತ್ತದೆ. ಬೆರಳಸಂದಿಯಲ್ಲಿ ಶಿಲೀಂಧ್ರದ ಸೋಂಕು ಆಗುತ್ತದೆ. ಇವೆರಡಕ್ಕೂ ಔಷಧಿ ಇದೆ.

ಇಲ್ಲಿ ಒಂದು ವಿಷವರ್ತುಲವೂ ಇದೆ. ‘ಈಗ ಬೆವರುತ್ತೇನೆ’ ಎಂಬ ಆತಂಕವೇ ಬೆವರನ್ನು ಹೆಚ್ಚಿಸುತ್ತದೆ. ಬೆವರು ಕಂಡಾಗ ಆತಂಕ ಮತ್ತೆ ಹೆಚ್ಚುತ್ತದೆ. ಹಾಗೆಂದು ‘ಎಲ್ಲ ಮನಸ್ಸಿನದ್ದು, ಧೈರ್ಯ ತಂದುಕೊ’ ಎನ್ನುವುದು ತಪ್ಪು. ಒಬ್ಬಳೇ ಕೂತು ಟಿವಿ ನೋಡುವಾಗಲೂ ಅವಳ ಕೈ ಬೆವರುತ್ತಿರಬಹುದು.

ನಾವು ಕೇಳುತ್ತ ಬಂದ ನಂಬಿಕೆಗಳು

‘ಮೈಯಲ್ಲಿ ಉಷ್ಣ ಹೆಚ್ಚಾಗಿದೆ.’ ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದ ಪಾನಕ, ಎಲ್ಲವೂ ಬೇಸಿಗೆಗೆ ಒಳ್ಳೆಯವೇ. ಬೆವರಿನಲ್ಲಿ ಹೋದ ನೀರನ್ನು ಅವು ತುಂಬಿಕೊಡುತ್ತವೆ. ಆದರೆ ನರದ ಸಂದೇಶವನ್ನು ಅವು ತಡೆಯಲಾರವು. ಅತಿಬೆವರು ಇರುವವರ ಮೈಬಿಸಿ ಎಲ್ಲರಷ್ಟೇ ಇರುತ್ತದೆ.

‘ನೀರು ಕಡಿಮೆ ಕುಡಿದರೆ ಬೆವರು ಕಡಿಮೆಯಾಗುತ್ತದೆ.’ ಇದು ಅಪಾಯದ ಸಲಹೆ. ಮೈ ನೀರಿಲ್ಲದೆ ಬಳಲುತ್ತದೆ, ತಲೆಸುತ್ತು ಬರುತ್ತದೆ, ಮೂತ್ರದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ.

‘ಸ್ನಾನ ಸರಿಯಾಗಿ ಮಾಡುವುದಿಲ್ಲ.’ ಹೊಸದಾಗಿ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಕಂಕುಳಲ್ಲಿ, ಬೆವರನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ದಿನಕ್ಕೆರಡು ಬಾರಿ ಮಿಂದರೂ ಅಂಗೈ ಬೆವರು ನಿಲ್ಲುವುದಿಲ್ಲ.

‘ಬೆವರಿದರೆ ಮೈಯ ವಿಷ ಹೋಗುತ್ತದೆ, ತಡೆಯಬಾರದು.’ ಬೆವರಿನಲ್ಲಿ ಬಹುಪಾಲು ನೀರು, ಸ್ವಲ್ಪ ಉಪ್ಪು. ಮೈಯ ಕಸ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಅಂಗೈ, ಕಂಕುಳಿನ ಬೆವರನ್ನಷ್ಟೇ ಕಡಿಮೆ ಮಾಡಿದರೆ ಒಳಗೆ ವಿಷ ಸೇರಿಕೊಳ್ಳುವುದಿಲ್ಲ.

‘ಪೌಡರು, ಸೆಂಟು ಸಾಕು.’ ಪೌಡರು ಸ್ವಲ್ಪ ಹೊತ್ತು ತೇವ ಹೀರುತ್ತದೆ. ಸೆಂಟು, ಡಿಯೋಡರೆಂಟ್ ವಾಸನೆಯನ್ನು ಮರೆಸುತ್ತವೆ. ಬೆವರನ್ನು ತಡೆಯುವುದು ‘ಆಂಟಿಪರ್ಸ್ಪಿರೆಂಟ್’ ಎಂದು ಬರೆದಿರುವ ಲೇಪ. ಕ್ಷೌರದಂಗಡಿಯಲ್ಲಿ ಮುಖಕ್ಕೆ ಉಜ್ಜುವ ಪಟಿಕದಲ್ಲೂ ಅಲ್ಯೂಮಿನಿಯಂ ಇದೆ, ಆದರೆ ಅತಿಬೆವರಿಗೆ ಅದರ ಬಲ ಸಾಲದು.

‘ಅಂಥ ಲೇಪದಿಂದ ಸ್ತನ ಕ್ಯಾನ್ಸರ್ ಬರುತ್ತದೆ.’ ಈ ಸುದ್ದಿ ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತದೆ. ಇದುವರೆಗಿನ ಅಧ್ಯಯನಗಳು ಇವೆರಡರ ನಡುವೆ ಸ್ಪಷ್ಟ ಸಂಬಂಧ ತೋರಿಸಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು.

ಚಿಕಿತ್ಸೆ ಒಂದೊಂದೇ ಮೆಟ್ಟಿಲು

ಮೊದಲ ಮೆಟ್ಟಿಲು ಅಲ್ಯೂಮಿನಿಯಂ ಕ್ಲೋರೈಡ್ ಲೇಪ. ಸಾಮಾನ್ಯವಾಗಿ ಶೇಕಡಾ 20ರ ದ್ರಾವಣವನ್ನು ವೈದ್ಯರು ಬರೆದುಕೊಡುತ್ತಾರೆ. ಇದು ಬೆವರಿನ ನಾಳದ ಬಾಯಿಗೆ ತಾತ್ಕಾಲಿಕ ಬಿರಡೆಯಂತೆ ಕೂರುತ್ತದೆ. ಹಚ್ಚುವ ಸಮಯ ರಾತ್ರಿ. ಯಾಕೆಂದರೆ ಗ್ರಂಥಿಗಳು ಆಗ ಸುಮ್ಮನಿರುತ್ತವೆ, ಔಷಧಿ ಕೊಚ್ಚಿಹೋಗುವುದಿಲ್ಲ. ಚರ್ಮ ಪೂರ್ತಿ ಒಣಗಿರಬೇಕು. ಒದ್ದೆಯಿದ್ದರೆ ಉರಿ, ತುರಿಕೆ ಆಗುತ್ತದೆ. ಕಂಕುಳ ಕೂದಲು ತೆಗೆದ ದಿನ ಹಚ್ಚಬಾರದು. ಬೆಳಗ್ಗೆ ತೊಳೆದುಕೊಳ್ಳಬೇಕು. ಮೊದಲು ಕೆಲವು ದಿನ ಪ್ರತಿ ರಾತ್ರಿ, ಗುಣ ಕಂಡ ಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ‘ಹಚ್ಚಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಹಲವರು ಬೆಳಗ್ಗೆ, ಒದ್ದೆ ಚರ್ಮಕ್ಕೆ ಹಚ್ಚಿರುತ್ತಾರೆ.

ಎರಡನೆಯದು ಅಯಾಂಟೋಫೋರೆಸಿಸ್. ಕೈ ಕಾಲುಗಳನ್ನು ನೀರಿರುವ ತಟ್ಟೆಯಲ್ಲಿಟ್ಟು, ಯಂತ್ರದಿಂದ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಒಂದು ಸಲಕ್ಕೆ 20–30 ನಿಮಿಷ, ಮೊದಮೊದಲು ವಾರಕ್ಕೆ ಮೂರು ಸಲ. ಅಂಗೈ ಅಂಗಾಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಿಟ್ಟರೆ ಬೆವರು ಮರಳುತ್ತದೆ. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು, ಮೂರ್ಛೆರೋಗ ಇರುವವರು ಮಾಡಿಸಿಕೊಳ್ಳಬಾರದು. ವಿಡಿಯೋ ನೋಡಿ ಮನೆಯ ಕರೆಂಟಿನಿಂದ ಇದನ್ನು ಮಾಡಲು ಹೋಗಬೇಡಿ, ಜೀವ ಹೋಗುತ್ತದೆ.

ಮೂರನೆಯದು ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುವ ಗ್ಲೈಕೊಪಿರೊಲೇಟ್, ಆಕ್ಸಿಬ್ಯುಟಿನಿನ್‌ನಂಥ ಔಷಧಿಗಳು. ಮಾತ್ರೆ ಮೈಯೆಲ್ಲ ಕೆಲಸ ಮಾಡುವುದರಿಂದ ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜು, ಮೂತ್ರ ಕಟ್ಟುವುದು ಆಗಬಹುದು. ಬಯಲುಸೀಮೆಯವರು ಇನ್ನೊಂದನ್ನು ಗಮನಿಸಬೇಕು. ಬಿಸಿಲಿನಲ್ಲಿ ದುಡಿಯುವವರು ಈ ಮಾತ್ರೆ ನುಂಗಿದರೆ ಮೈ ತಣಿಸುವ ಬೆವರೂ ಕಡಿಮೆಯಾಗಿ ಶಾಖಾಘಾತ ಆಗುವ ಭಯವಿದೆ. ನಿಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳದೆ ಇದನ್ನು ಶುರುಮಾಡಬಾರದು.

ನಾಲ್ಕನೆಯದು ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಸುಕ್ಕು ತೆಗೆಯಲು ಕೊಡುವ ‘ಬೊಟಾಕ್ಸ್’ ಇದೇ. ಇದು ನರದ ತುದಿಯಲ್ಲೇ ಅಸಿಟೈಲ್‌ಕೋಲಿನ್ ಹೊರಬರದಂತೆ ತಡೆಯುತ್ತದೆ. ಕಂಕುಳ ಅತಿಬೆವರಿಗೆ ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಪರಿಣಾಮ ಸುಮಾರು ಆರು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ಅಂಗೈಗೆ ಚುಚ್ಚಿದರೆ ನೋವು ಹೆಚ್ಚು, ಕೆಲವು ದಿನ ಹಿಡಿತ ಸಡಿಲವಾಗಬಹುದು. ಬೆಲೆಯೂ ಹೆಚ್ಚು.

ಕೊನೆಯದು ಶಸ್ತ್ರಚಿಕಿತ್ಸೆ. ಎದೆಯೊಳಗೆ ದುರ್ಬೀನು ಹಾಕಿ ಅಂಗೈಗೆ ಸಂದೇಶ ಒಯ್ಯುವ ನರವನ್ನು ಕತ್ತರಿಸುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಅಂಗೈ ಒಣಗುತ್ತದೆ. ಆದರೆ ಅನೇಕರಲ್ಲಿ ಬೆನ್ನು, ಹೊಟ್ಟೆ, ತೊಡೆ ಮೊದಲಿಗಿಂತ ಹೆಚ್ಚು ಬೆವರಲು ಶುರುವಾಗುತ್ತದೆ. ಅದನ್ನು ಹಿಂದಕ್ಕೆ ಸರಿಪಡಿಸುವುದು ಕಷ್ಟ. ಆದ್ದರಿಂದ ಬೇರೆಲ್ಲ ದಾರಿ ನೋಡಿದ ಮೇಲಷ್ಟೇ ಇದರ ಯೋಚನೆ ಮಾಡಬೇಕು.

ಇವುಗಳಲ್ಲಿ ಹೆಚ್ಚಿನವು ಬೆವರನ್ನು ಹತೋಟಿಯಲ್ಲಿಡುತ್ತವೆಯೇ ಹೊರತು ಬೇರುಸಮೇತ ಕೀಳುವುದಿಲ್ಲ. ‘ಒಂದೇ ವಾರದಲ್ಲಿ ಶಾಶ್ವತ ಪರಿಹಾರ’ ಎಂಬ ಜಾಹೀರಾತು ಕಂಡರೆ ದುಡ್ಡು ಕೊಡುವ ಮುನ್ನ ಯೋಚಿಸಿ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು?

ಕಣಕಟ್ಟೆಯಂಥ ಹೋಬಳಿಯವರಿಗೆ ಚರ್ಮರೋಗ ತಜ್ಞರು ಮನೆಬಾಗಿಲಲ್ಲಿ ಸಿಗುವುದಿಲ್ಲ. ಆದರೆ ಮೊದಲ ಮೆಟ್ಟಿಲಿಗೆ ತಜ್ಞರೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬೇರೆ ಕಾಯಿಲೆ ಇದೆಯೇ ಎಂದು ನೋಡಿ, ಲೇಪ ಬರೆದುಕೊಡಬಹುದು. ಗುಣ ಕಾಣದಿದ್ದರೆ ಅರಸೀಕೆರೆಯ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಎದುರಾಎದುರು ಹೇಳಲು ತೀರಾ ಸಂಕೋಚವಾದರೆ, ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ಮೊಬೈಲಿನಿಂದಲೇ ಉಚಿತವಾಗಿ ವೈದ್ಯರೊಂದಿಗೆ ಮಾತಾಡಬಹುದು.

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಯಾವ ಭಾಗ, ಯಾವ ವಯಸ್ಸಿನಿಂದ, ರಾತ್ರಿ ನಿಲ್ಲುತ್ತದೆಯೇ, ಮನೆಯಲ್ಲಿ ಯಾರಿಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಯಾವ ಕೆಲಸಕ್ಕೆ ಅಡ್ಡಿಯಾಗುತ್ತಿದೆ. ವೈದ್ಯರನ್ನು ಕಂಡಾಗ ‘ಸ್ವಲ್ಪ ಬೆವರು ಜಾಸ್ತಿ ಸಾರ್’ ಎಂದರೆ ಅವರು ತಲೆಯಾಡಿಸಿ ಕಳಿಸಿಬಿಡಬಹುದು. ‘ಪರೀಕ್ಷೆಯ ಪೇಪರ್ ಒದ್ದೆಯಾಗಿ ಬರೆಯಲು ಆಗುತ್ತಿಲ್ಲ’ ಎಂದರೆ ಅವರು ಕೈ ಹಿಡಿದು ನೋಡುತ್ತಾರೆ. ಮುಚ್ಚಿಡುತ್ತಿದ್ದ ಆ ಒಂದು ವಾಕ್ಯವೇ ಚಿಕಿತ್ಸೆಯ ಆರಂಭ.

ಚಿಕಿತ್ಸೆ ಫಲ ಕೊಡುವವರೆಗೆ ಕೆಲವು ಸಣ್ಣ ಉಪಾಯಗಳಿವೆ. ಹತ್ತಿಯ ಸಡಿಲ ಬಟ್ಟೆ, ದಿನಕ್ಕೆರಡು ಜೊತೆ ಹತ್ತಿಯ ಕಾಲುಚೀಲ, ಒಂದೇ ಶೂ ದಿನಾ ಹಾಕದೆ ಒಣಗಲು ಬಿಡುವುದು, ಬೆರಳಚ್ಚು ಕೊಡುವ ಮುನ್ನ ಒಣಬಟ್ಟೆಯಿಂದ ಬೆರಳು ಒತ್ತಿಕೊಳ್ಳುವುದು.

ಜೊತೆಗಿರುವವರಿಗೂ ಒಂದು ಕೆಲಸವಿದೆ. ಮೇಷ್ಟ್ರು ಪರೀಕ್ಷೆಯಲ್ಲಿ ಒಂದು ಹೀರುಕಾಗದವನ್ನೋ ಕರವಸ್ತ್ರವನ್ನೋ ಪರಿಶೀಲಿಸಿ ಇಟ್ಟುಕೊಳ್ಳಲು ಬಿಟ್ಟರೆ ಆ ಮಗುವಿಗೆ ಎಷ್ಟೋ ನೆಮ್ಮದಿ. ಮನೆಯ ಹಿರಿಯರು ‘ನನಗೂ ಹೀಗೇ ಇತ್ತು ಕಣಮ್ಮ’ ಎಂದು ಒಮ್ಮೆ ಹೇಳಿದರೆ, ಅವಳು ಮುಂದಿನ ವಾರವೇ ಆಸ್ಪತ್ರೆಗೆ ಬಂದಾಳು. ತೋಟದಲ್ಲಿ ಕಾಯಿ ಸುಲಿಯುವವರ ಬೆವರನ್ನು ನಾವು ತಪ್ಪು ಎನ್ನುವುದಿಲ್ಲ. ಪರೀಕ್ಷೆ ಕೊಠಡಿಯಲ್ಲಿ ಕೂತ ಹುಡುಗಿಯ ಅಂಗೈ ಬೆವರೂ ಅವಳ ತಪ್ಪಲ್ಲ.